ನಾಲ್ಕಡಿ ಟ್ಯಾಂಕಿನಲ್ಲಿ ದೇವರ ಮೀನು

ಮೊನ್ನೆ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ಮೂರಿಂಚಿನ ಮಶೀರ್ ಮರಿ ಸಿಗ್ತಿದೆ. ನಂದು ನಾಲ್ಕಡಿ ಟ್ಯಾಂಕು. ತಗೊಳ್ಲಾ?" ಮಶೀರ್ ಅಂದರೆ ನಮ್ಮ ಹೊಳೆಗಳಲ್ಲಿ ಭಾರೀ ಗಾತ್ರಕ್ಕೆ ಬೆಳೆಯುವ ಮೀನು. ಬೇಡ ಅಂದೆ. ಯಾಕೆ ಅಂದ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನೂ ತಂದವನೇ. 2021ರಲ್ಲಿ, ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನಗಳಲ್ಲಿ, ನಾಲ್ಕು ಮರಿ ತಂದೆ. ಗೋಲ್ಡ್ ಫಿಶ್, ಏಂಜಲ್ ಎಲ್ಲ ಸಾಕಿ ಬೇಜಾರಾಗಿತ್ತು. ಅವೆಲ್ಲ ಹೊರದೇಶದ ಮೀನು, ನಮ್ಮ ಹೊಳೆ ಮೀನು ಯಾಕೆ ಸಾಕಬಾರದು ಅನ್ನೋ ಹುರುಪು ಬೇರೆ. ಯಾವ ಜಾತಿಯ ಮಶೀರ್ ಅಂತ ಅಂಗಡಿಯವನಿಗೆ ಗೊತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಅಮ್ಮ ರಾಮನಾಥಪುರದ ಕಡೆಯವರು. ಅಲ್ಲಿ ದೇವಸ್ಥಾನದ ಮುಂದೆ ಕಾವೇರಿ ಮೆಟ್ಟಿಲ ಹತ್ತಿರ ಮೀನುಗಳು ಗುಂಪುಗುಂಪಾಗಿ ಬರುತ್ತವೆ. ಜನ ಪುರಿ ಹಾಕುತ್ತಾರೆ, ಯಾರೂ ಹಿಡಿಯುವುದಿಲ್ಲ. ಶೃಂಗೇರಿಯಲ್ಲಿ, ಶಿಶಿಲದಲ್ಲಿ ಕೂಡ ಹಾಗೇ. ಅಮ್ಮ ಬಂದವರೇ ಟ್ಯಾಂಕಿನೊಳಗೆ ಬಗ್ಗಿ ನೋಡಿ, "ದೇವ್ರ ಮೀನಲ್ವೇನೋ ಇದು? ಹಿಡಿದ್ರೇ ಪಾಪ ಅಂತಾರೆ, ನೀನು ತಂದು ಟೀವಿ ಪಕ್ಕ ಇಟ್ಟಿದೀಯಲ್ಲೋ" ಅಂದರು. ನಾನು ನಕ್ಕೆ.

ಮೊದಲ ವರ್ಷ ಚೆಂದವೋ ಚೆಂದ. ಬೆಳ್ಳಿ ಮೈ, ದೊಡ್ಡ ದೊಡ್ಡ ಹುರುಪೆ, ದಪ್ಪ ತುಟಿ, ಪುಟ್ಟ ಮೀಸೆ. ಫಿಲ್ಟರ್ ನೀರು ಎಲ್ಲಿ ಬೀಳುತ್ತದೋ ಆ ಕಡೆಗೇ ಮುಖ ಮಾಡಿ ನಾಲ್ಕೂ ಸಾಲಾಗಿ ನಿಲ್ಲುತ್ತಿದ್ದವು. ಹರಿಯುವ ನೀರಿನ ಮೀನು, ಎದುರುನೀರು ಬೇಕು. ನಾನು ಅದನ್ನೇ ವೀಡಿಯೊ ಮಾಡಿ ಸ್ಟೇಟಸ್ ಹಾಕುತ್ತಿದ್ದೆ. ಅವು ಹೊಳೆ ಹುಡುಕುತ್ತಿವೆ ಅಂತ ನನಗೆ ಹೊಳೆಯಲೇ ಇಲ್ಲ.

"ಟ್ಯಾಂಕ್ ಎಷ್ಟಿರುತ್ತೋ ಮೀನು ಅಷ್ಟೇ ಬೆಳೆಯುತ್ತೆ ಸಾರ್" ಅಂತ ಅಂಗಡಿಗಳಲ್ಲಿ ಹೇಳುವುದನ್ನು ನೀವೂ ಕೇಳಿರಬಹುದು. ಸುಳ್ಳು. ಕೆಟ್ಟ ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುವುದು ನಿಜ. ಹಾಗಂತ ಅದು ಸಣ್ಣ ಜಾತಿಯ ಮೀನಾಗಿಬಿಡುವುದಿಲ್ಲ, ಸೊರಗಿದ ದೊಡ್ಡ ಮೀನಾಗುತ್ತದೆ ಅಷ್ಟೇ. ಕಾವೇರಿಯ ಡುಬ್ಬದ ಮಶೀರ್ ಎಷ್ಟು ಬೆಳೆಯುತ್ತೆ ಗೊತ್ತಾ? ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಗಾಳಕ್ಕೆ ಹಿಡಿದದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ. ನನ್ನವು ಆ ಜಾತಿಯಲ್ಲದೆ ಇರಬಹುದು. ಆದರೂ ಮೂರು ವರ್ಷಕ್ಕೆ ಒಂದೂಕಾಲು ಅಡಿ ಆಗಿದ್ದವು. ಎಲ್ಲರೂ ಟ್ಯಾಂಕಿನ ಉದ್ದ ನೋಡುತ್ತಾರೆ, ಆದರೆ ಮೀನು ತಿರುಗಬೇಕಾದ್ದು ಅಗಲದಲ್ಲಿ. ನನ್ನ ಟ್ಯಾಂಕಿನ ಅಗಲ ಒಂದೂವರೆ ಅಡಿ. ಪ್ರತಿ ಸಲ ತಿರುಗುವಾಗಲೂ ಮೂತಿ ಗಾಜಿಗೆ ತಾಗುತ್ತಿತ್ತು. ರಾತ್ರಿ ಹಾಲ್‌ನಿಂದ ಟಕ್ ಟಕ್ ಸದ್ದು.

ಇನ್ನೂ ದೊಡ್ಡ ಟ್ಯಾಂಕ್ ತರಬಹುದಿತ್ತಲ್ಲ ಅಂತೀರಾ? 6×2×2 ಅಡಿಯ ಟ್ಯಾಂಕಿಗೆ ಸುಮಾರು 680 ಲೀಟರ್ ನೀರು. ನೀರೇ 680 ಕಿಲೋ ಆಯ್ತು, ಗಾಜು, ಕಲ್ಲು, ಸ್ಟ್ಯಾಂಡ್ ಬೇರೆ. ಎರಡನೇ ಮಹಡಿಯ ಬಾಡಿಗೆ ಮನೆ. ಓನರ್‌ಗೆ ವಿಷಯ ತಿಳಿದಿದ್ದರೆ ಮೀನಿನ ಜೊತೆ ನಮ್ಮನ್ನೂ ಹೊರಗೆ ಹಾಕುತ್ತಿದ್ದರು. ಅಷ್ಟು ಮಾಡಿದರೂ ನಾಲ್ಕು ಮಶೀರ್‌ಗೆ ಅದು ಸಾಲುವುದಿಲ್ಲ.

ಒಂದು ರಾತ್ರಿ ಕರೆಂಟ್ ಹೋಗಿ ಬಂದಾಗ ಲೈಟ್ ಫಕ್ಕನೆ ಹತ್ತಿತು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಒಂದು ಮೀನು ಸೋಫಾ ಹಿಂದೆ ಒಣಗಿ ಬಿದ್ದಿತ್ತು.

ಆಮೇಲೆ 2024ರ ಬೇಸಿಗೆ. ಬೆಂಗಳೂರಿನ ಆ ಬೇಸಿಗೆ ಯಾರಿಗೆ ನೆನಪಿಲ್ಲ? ಬೋರ್ ಬತ್ತಿತು, ಟ್ಯಾಂಕರ್‌ಗೆ ದಿನಗಟ್ಟಲೆ ಕಾಯುವ ಪರಿಸ್ಥಿತಿ. ದೊಡ್ಡ ಮೀನು ತಿನ್ನುವುದೂ ಜಾಸ್ತಿ, ಗಲೀಜೂ ಜಾಸ್ತಿ. ವಾರಕ್ಕೆ ಅರ್ಧ ಟ್ಯಾಂಕ್ ನೀರು ಬದಲಿಸದಿದ್ದರೆ ಅಮೋನಿಯ ಏರುತ್ತದೆ. ಪಕ್ಕದ ಮನೆಯವರು ಬಿಂದಿಗೆ ಲೆಕ್ಕ ಹಾಕುತ್ತಿರುವಾಗ ನಾನು ನೂರಕ್ಕೂ ಹೆಚ್ಚು ಲೀಟರ್ ಮೋರಿಗೆ ಚೆಲ್ಲುವುದಾ? ಎರಡು ವಾರ ಬದಲಿಸಲಿಲ್ಲ. ಎರಡು ಮೀನು ಹೋದವು.

ಉಳಿದದ್ದು ಒಂದು. ಈಗ ನಿಜವಾದ ತಲೆನೋವು ಶುರುವಾಯಿತು: ಅದನ್ನು ಏನು ಮಾಡುವುದು? ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಕೊಂದು ತಿನ್ನಲು ಮನಸ್ಸು ಬರಲಿಲ್ಲ, ಅಮ್ಮ ಅಂತೂ ಬಿಡುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು: "ಕಾವೇರಿಗೆ ಬಿಟ್ಟುಬಿಡಿ, ಪುಣ್ಯ ಬರುತ್ತೆ."

ಬಿಡುವ ಮುಂಚೆ ಸ್ವಲ್ಪ ಓದಿದೆ. ಒಳ್ಳೆಯದೇ ಆಯಿತು. ಡುಬ್ಬದ ಮಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನೂರು ವರ್ಷಕ್ಕೂ ಮೇಲಿಂದ ಗಾಳದವರಿಗೆ ಗೊತ್ತಿದ್ದ ಈ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು, ಟಾರ್ ರೆಮಾದೇವಿಯೈ ಅಂತ, ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನಲ್ಲಿದೆ ಅಂತ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳು ತೆಗೆಯುವುದು, ಡೈನಮೈಟ್ ಸಿಡಿಸಿ ಮೀನು ಹಿಡಿಯುವುದು ಎಲ್ಲ ಕಾರಣ ಹೌದು. ಇನ್ನೊಂದು ಕಾರಣ ಓದಿ ನನಗೆ ಮೈ ಜುಮ್ ಅಂತು. ದಶಕಗಳ ಹಿಂದೆ ಮಶೀರ್ ಉಳಿಸಬೇಕು ಅಂತಲೇ ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿಸಿ ಕಾವೇರಿಗೆ ತಂದು ಬಿಟ್ಟರು. ಆದರೆ ಆ ಮರಿಗಳು ನೀಲಿ ರೆಕ್ಕೆಯ ಮಶೀರ್, ಕೃಷ್ಣಾ ಕಡೆಯದು. ಅದು ಇಲ್ಲಿ ಚೆನ್ನಾಗಿ ಬೆಳೆದು ಹರಡಿತು. ಕಾವೇರಿಯದೇ ಮೀನು ಕಡಿಮೆಯಾಗುತ್ತಾ ಬಂತು. ಬಿಟ್ಟವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನ್ನ ಮನಸ್ಸಿನಲ್ಲೂ ಇಲ್ಲ. ಜಾತಿ ಯಾವುದು ಅಂತಲೇ ಗೊತ್ತಿಲ್ಲದ, ಟ್ಯಾಂಕಿನ ರೋಗ ಏನೇನು ಅಂಟಿದೆಯೋ ತಿಳಿಯದ ಮೀನನ್ನು ಆ ನದಿಗೆ ಹೇಗೆ ಬಿಡಲಿ?

"ಮರಿಕೇಂದ್ರದಲ್ಲಿ ಹುಟ್ಟಿದ ಮೀನು, ನದಿಯಿಂದ ಕದ್ದದ್ದಲ್ಲ" ಅನ್ನುವವರಿದ್ದಾರೆ. ಸರಿ, ಒಪ್ಪುತ್ತೇನೆ. ಆದರೆ ಎಲ್ಲೇ ಹುಟ್ಟಲಿ, ಅದು ಬೆಳೆಯುವುದು ಮಶೀರ್ ಆಗಿಯೇ. ನಮ್ಮ ಮೀನೇ ಬೇಕು ಅಂದರೆ ಸಣ್ಣವು ಎಷ್ಟೊಂದಿವೆ. ಮಲಬಾರ್ ಡ್ಯಾನಿಯೊ ಇದೆ, ಫಿಲಮೆಂಟ್ ಬಾರ್ಬ್ ಇದೆ. ಬೆಳೆದರೂ ನಾಲ್ಕಾರು ಇಂಚು. ನನ್ನ ಟ್ಯಾಂಕಿನಲ್ಲಿ ಈಗ ಇರುವುದು ಅವೇ.

ಆ ಕೊನೆಯ ಮೀನು ಕೋಲಾರದ ಕಡೆ ಪರಿಚಯದ ರೈತರೊಬ್ಬರ ಕೃಷಿ ಹೊಂಡದಲ್ಲಿದೆ. ಪ್ಲಾಸ್ಟಿಕ್ ಹೊದಿಸಿದ ಹೊಂಡ, ಯಾವ ಹಳ್ಳಕ್ಕೂ ಸೇರುವುದಿಲ್ಲ. ಹರಿಯುವ ನೀರೂ ಇಲ್ಲ. ಒಂದು ದೊಡ್ಡ ಟ್ಯಾಂಕು ಅನ್ನಿ, ಅಷ್ಟೇ. ಹೋದ ತಿಂಗಳು ಫೋನ್ ಮಾಡಿ, ಹೇಗಿದೆ ಗೌಡ್ರೇ ಅಂತ ಕೇಳಿದೆ.

"ನೀರು ಹಸುರುಗಟ್ಟೈತೆ ಸಾರ್, ಏನೂ ಕಾಣಾಕಿಲ್ಲ. ಪುರಿ ಹಾಕಿದ್ರೆ ಖಾಲಿ ಆಯ್ತದೆ. ತಿನ್ನೋದು ನಿಮ್ದೋ ನಮ್ ಕಾಟ್ಲಾ ಮೀನೋ ಗೊತ್ತಿಲ್ಲ."