ಕೈಪಂಪು, ಕಪ್ಪು ಕೊಳವೆ, ಕೆಂಡ

ಅಮೆರಿಕದ ಮಿಶಿಗನ್ ರಾಜ್ಯದ ಸರ್ಕಾರಿ ಕ್ಯಾಂಪ್‌ಗ್ರೌಂಡುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ‘ಮಾಡರ್ನ್’: ಕರೆಂಟಿನ ಕಂಬ, ಬಿಸಿನೀರಿನ ಬಚ್ಚಲು, ಫ್ಲಶ್ ಇರುವ ಕಕ್ಕಸು. ಇನ್ನೊಂದು ‘ರಸ್ಟಿಕ್’: ಇವು ಮೂರೂ ಇಲ್ಲದ್ದು. ಕಾಡಿನ ಒಳಗೆ, ಕೆರೆ ಹೊಳೆಗಳ ಪಕ್ಕದಲ್ಲಿ ರಾಜ್ಯ ಸರ್ಕಾರದ ಅರಣ್ಯಗಳ ಕ್ಯಾಂಪ್‌ಗ್ರೌಂಡುಗಳೇ 140ಕ್ಕೂ ಹೆಚ್ಚಿವೆ. ಹೆಚ್ಚುಕಮ್ಮಿ ಎಲ್ಲ ಈ ಎರಡನೇ ಜಾತಿಯವು. ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಜೂನ್ ಬಂದರೆ ಇದರ ಚರ್ಚೆ ಏಳುತ್ತದೆ. “ಅಲ್ಲಿ ಏನೂ ಇಲ್ವಂತೆ ಕಣ್ರೀ” ಎಂದು ಒಬ್ಬರು ಅಂದರೆ ಅರ್ಧ ಜನ ಅಲ್ಲೇ ಹಿಂದೆ ಸರಿಯುತ್ತಾರೆ.

ಏನೂ ಇಲ್ಲ ಅನ್ನುವುದು ಸುಳ್ಳು. ನಾಲ್ಕು ಸಾಮಾನು ಇವೆ: ಒಂದು ಕೈಪಂಪು, ಒಂದು ವಾಲ್ಟ್ ಟಾಯ್ಲೆಟ್ (ತೊಟ್ಟಿಯ ಮೇಲೆ ಕಟ್ಟಿದ, ಫ್ಲಶ್ ಇಲ್ಲದ ಕಕ್ಕಸು), ಬೆಂಕಿಗೊಂದು ಕಬ್ಬಿಣದ ಬಳೆ, ಬೆಂಚು ಸೇರಿಸಿಯೇ ಮಾಡಿದ ಒಂದು ಮೇಜು. ಈ ನಾಲ್ಕರ ಹಿಂದೆ ಖರ್ಚಾಗಿರುವ ತಲೆ ದೊಡ್ಡ ಹೋಟೆಲಿನ ಶವರಿನ ಹಿಂದೆಯೂ ಇರಲಿಕ್ಕಿಲ್ಲ. ನೋಡಲು ಒರಟಾಗಿವೆ ಎಂದು ಒರಟಾಗಿಯೇ ಬಳಸುತ್ತೇವೆ, ರಗಳೆ ಶುರುವಾಗುವುದು ಅಲ್ಲಿ.

ಕೈಪಂಪನ್ನೇ ನೋಡಿ. ಹಿಡಿಕೆಯನ್ನು ನಾಲ್ಕು ಸಲ ಒತ್ತಿ, ನೀರು ಬರಲಿಲ್ಲವೆಂದು “ಕೆಟ್ಟು ಕೂತಿದೆ” ಎಂದು ತೀರ್ಪು ಕೊಟ್ಟು ವಾಪಸಾಗುವವರು ಎಲ್ಲ ಕ್ಯಾಂಪ್‌ಗ್ರೌಂಡಿನಲ್ಲೂ ಸಿಗುತ್ತಾರೆ. ಅದು ಕೆಟ್ಟಿರುವುದಿಲ್ಲ. ಉತ್ತರ ಮಿಶಿಗನ್ನಿನಲ್ಲಿ ಚಳಿಗಾಲಕ್ಕೆ ನೆಲವೇ ಕೆಲವು ಅಡಿ ಆಳದವರೆಗೆ ಹೆಪ್ಪುಗಟ್ಟುತ್ತದೆ. ಕೊಳವೆಯಲ್ಲಿ ನೀರು ನಿಂತಿದ್ದರೆ ಅದೂ ಗಡ್ಡೆಕಟ್ಟಿ, ಉಬ್ಬಿ, ಕೊಳವೆಯನ್ನು ಸೀಳಿಬಿಡುತ್ತದೆ. ಅದಕ್ಕೆಂದು ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ ಕೊಳವೆಗೆ ಒಂದು ಸಣ್ಣ ತೂತು ಇಟ್ಟಿರುತ್ತಾರೆ. ಹೊಡೆಯುವುದು ನಿಂತ ಮೇಲೆ ಮೇಲಿನ ನೀರೆಲ್ಲ ಆ ತೂತಿನಿಂದ ಸೋರಿ ಇಳಿದುಹೋಗುತ್ತದೆ. ಮುಂದೆ ಬಂದವರು ಖಾಲಿ ಕೊಳವೆಯನ್ನು ಮತ್ತೆ ತುಂಬಿಸಬೇಕು. ಹತ್ತು ಹದಿನೈದು ಸಲ ಹೊಡೆದ ಮೇಲೆಯೇ ಮೊದಲ ಗುಟುಕು. ಹಿಮದ ಭಯವಿಲ್ಲದ ನಮ್ಮೂರ ಬೋರಿಂಗಿಗೆ ಈ ತೂತು ಬೇಡ, ಆದ್ದರಿಂದ ನಮಗೆ ಈ ತಾಳ್ಮೆಯ ಅಭ್ಯಾಸವಿಲ್ಲ. ಚಿಕ್ಕ ಚಿಕ್ಕದಾಗಿ ಟಕಟಕ ಹೊಡೆದರೆ ಕೈ ಸೋಲುತ್ತದೆಯೇ ಹೊರತು ನೀರು ಏರುವುದಿಲ್ಲ. ಹಿಡಿಕೆಯನ್ನು ಪೂರ್ತಿ ಮೇಲಕ್ಕೆತ್ತಿ ಪೂರ್ತಿ ಕೆಳಗೆ, ನಿಧಾನವಾಗಿ.

ನಾಲ್ಕು ಜನರಿಗೆ ಕುಡಿಯಲು, ಅಡುಗೆಗೆ, ಪಾತ್ರೆಗೆ ಸೇರಿ ದಿನಕ್ಕೆ 30ರಿಂದ 40 ಲೀಟರ್ ಬೇಕು. 20 ಲೀಟರಿನ ಒಂದು ಕ್ಯಾನ್ ತರುವುದಕ್ಕಿಂತ 10ರ ಎರಡು ತನ್ನಿ; 20 ಕೆ.ಜಿ. ಭಾರ ಒಂದೇ ಕೈಗೆ ಬಿದ್ದರೆ ಪಂಪಿನಿಂದ ಟೆಂಟಿನ ದಾರಿ ಇದ್ದಕ್ಕಿದ್ದಂತೆ ಉದ್ದವಾಗುತ್ತದೆ. ನೀರಿನಲ್ಲಿ ಹಲವು ಕಡೆ ಕಬ್ಬಿಣದ ಅಂಶ ಜಾಸ್ತಿ. ರಾತ್ರಿ ತುಂಬಿಟ್ಟದ್ದು ಬೆಳಗ್ಗೆ ಕೆಂಪಗಾಗಿ ತಳದಲ್ಲಿ ಗಸಿ ಕೂತಿರುತ್ತದೆ. ಕುಡಿದರೆ ಹೊಟ್ಟೆಗೇನೂ ಆಗದು, ಟೀಗೆ ಮಾತ್ರ ಆಗುತ್ತದೆ: ಟೀ ಎಲೆಯ ಒಗರು ಮತ್ತು ಕಬ್ಬಿಣ ಸೇರಿ ಡಿಕಾಕ್ಷನ್ ಮಸಿಯ ಬಣ್ಣಕ್ಕೆ ತಿರುಗುತ್ತದೆ, ಎಷ್ಟು ಹಾಲು ಹಾಕಿದರೂ ಬೂದು. ಗಸಿ ಇಳಿದ ಮೇಲೆ ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಂಡರೆ ತಕ್ಕಮಟ್ಟಿಗೆ ಸುಧಾರಿಸುತ್ತದೆ. ಟೀ ವಿಷಯದಲ್ಲಿ ರಾಜಿಯಾಗದವರು ಅಷ್ಟಕ್ಕೇ ಮನೆಯಿಂದ ನೀರು ತರಲಿ.

ಪಾತ್ರೆಯನ್ನು ಪಂಪಿನ ಕೆಳಗೇ ತೊಳೆಯುವುದು ನಮ್ಮವರ ಅಭ್ಯಾಸ. ಅಲ್ಲಿ ಅದು ನಿಷಿದ್ಧ. ಸಾಂಬಾರಿನ ಬೇಳೆ, ಅನ್ನದ ಅಗುಳು ಬಾವಿಯ ಬಾಯಲ್ಲೇ ಕೊಳೆಯುತ್ತವೆ, ಅದರ ವಾಸನೆಗೆ ರಾತ್ರಿ ಅತಿಥಿಗಳು ಬರುತ್ತಾರೆ. ಅವರ ವಿಷಯ ಆಮೇಲೆ.

ಈಗ ಎಲ್ಲರೂ ಹೆದರುವ ಆ ಪುಟ್ಟ ಕಟ್ಟಡ, ವಾಲ್ಟ್ ಟಾಯ್ಲೆಟ್. ಕೆಳಗೆ ಸೋರದ ತೊಟ್ಟಿ, ಸಾಮಾನ್ಯವಾಗಿ ಮೂರು ನಾಲ್ಕು ಸಾವಿರ ಲೀಟರಿನದು. ಮೇಲೆ ಕಾಂಕ್ರೀಟಿನ ಕೋಣೆ. ಹಿಂಬದಿಯಲ್ಲಿ ಚಾವಣಿಗಿಂತ ಎತ್ತರಕ್ಕೆ ಹೋಗುವ ದಪ್ಪನೆಯ ಕಪ್ಪು ಕೊಳವೆ. ವಾಸನೆಯ ಇಡೀ ಲೆಕ್ಕಾಚಾರ ಈ ಕೊಳವೆಯಲ್ಲಿದೆ. ಕಪ್ಪು ಬಣ್ಣ ಬಿಸಿಲು ಹೀರುತ್ತದೆ, ಒಳಗಿನ ಗಾಳಿ ಕಾದು ಮೇಲೇರುತ್ತದೆ. ಆ ಜಾಗ ತುಂಬಲು ಕೋಣೆಯ ಗಾಳಿ ಕಮೋಡಿನ ಮೂಲಕ ತೊಟ್ಟಿಗೆ ಇಳಿದು ಕೊಳವೆಯ ದಾರಿ ಹಿಡಿಯುತ್ತದೆ. ಹಳೆ ಅಡುಗೆಮನೆಯ ಹೊಗೆಗೂಡು ಹೊಗೆ ಎಳೆದ ಹಾಗೆ. ಸರಿಯಾಗಿ ಕಟ್ಟಿದ್ದರೆ ಕೊಳವೆ ದಕ್ಷಿಣಕ್ಕೆ, ಬಿಸಿಲು ಬೀಳುವ ಕಡೆ ಇರುತ್ತದೆ. ಮರದ ನೆರಳಿನಲ್ಲಿ ಕಟ್ಟಿದ್ದರೆ, ಅಥವಾ ಮೋಡ ಕವಿದು ಎಲೆ ಅಲುಗದ ದಿನವಾಗಿದ್ದರೆ, ಮೂಗು ಸತ್ಯ ಹೇಳುತ್ತದೆ. ಗೋಡೆಯಲ್ಲಿ ಗಾಳಿಗೆಂದೇ ಜಾಲರಿ ಬಿಟ್ಟಿರುತ್ತಾರೆ. “ಸ್ವಲ್ಪ ಗಾಳಿಯಾಡಲಿ” ಎಂದು ಬಾಗಿಲನ್ನು ಕಲ್ಲಿಟ್ಟು ತೆರೆದಿಡುವ ಪರೋಪಕಾರಿಗಳು ಆ ಎಳೆತವನ್ನೇ ಕೆಡಿಸುತ್ತಾರೆ.

ತೊಟ್ಟಿ ತುಂಬಿದಾಗ ಲಾರಿಯ ಪೈಪು ಹಾಕಿ ಎಳೆಯುತ್ತಾರೆ. ಒದ್ದೆ ಒರೆಸು ಹಾಳೆ, ಮಗುವಿನ ಡೈಪರು, ನೀರಿನ ಬಾಟಲಿ ಬಿದ್ದಿದ್ದರೆ ಪೈಪು ಕಟ್ಟಿಕೊಳ್ಳುತ್ತದೆ, ಅದನ್ನು ಒಬ್ಬ ಮನುಷ್ಯ ಕೊಕ್ಕೆ ಹಿಡಿದು ಬಿಡಿಸಬೇಕು. ಒಳಗೆ ದೀಪವಿಲ್ಲ, ನಲ್ಲಿಯೂ ಇಲ್ಲ. ಚೊಂಬು ಬೇಕೇ ಬೇಕು ಅನ್ನುವವರು ತುಂಬಿಕೊಂಡೇ ಹೋಗಬೇಕು. ಫೋನು ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಬೇಡ. ಬಿದ್ದರೆ ಬಿಟ್ಟುಬಿಡಿ. 2023ರ ಸೆಪ್ಟೆಂಬರಿನಲ್ಲಿ ಮಿಶಿಗನ್ನಿನ ಆಟ್ಸೆಗೊ ಕೌಂಟಿಯಲ್ಲಿ ಬಿದ್ದ ಕೈಗಡಿಯಾರಕ್ಕಾಗಿ ಒಳಗಿಳಿದ ಮಹಿಳೆಯೊಬ್ಬರು ಮೇಲೆ ಬರಲಾಗದೆ, ಪೊಲೀಸರು ಕಮೋಡನ್ನು ಕಿತ್ತು ಪಟ್ಟಿ ಇಳಿಬಿಟ್ಟು ಎಳೆಯಬೇಕಾಯಿತು.

ಬೆಂಕಿಯ ಮಾತು ಕಟ್ಟಿಗೆಯಿಂದ ಶುರುವಾಗಬೇಕು. ಮನೆಯ ಹಿತ್ತಲಲ್ಲಿ ಬಿದ್ದಿದ್ದ ಕಟ್ಟಿಗೆಯನ್ನು ಡಿಕ್ಕಿಗೆ ತುಂಬಿಕೊಂಡು ಹೋಗುವುದು ಜಾಣತನದಂತೆ ಕಾಣುತ್ತದೆ. 2002ರಲ್ಲಿ ಡೆಟ್ರಾಯಿಟ್ ಬಳಿ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ದುಂಬಿ ಪತ್ತೆಯಾಯಿತು. ಏಷ್ಯಾದಿಂದ ಬಂದದ್ದು, ಅದರ ಮರಿಹುಳು ಆ್ಯಶ್ ಮರದ ತೊಗಟೆಯಡಿ ಕೊರೆದು ಮರಕ್ಕೆ ನೀರು, ಆಹಾರ ಹೋಗದಂತೆ ಮಾಡುತ್ತದೆ. ಈವರೆಗೆ ಕೋಟಿಗಟ್ಟಲೆ ಮರಗಳು ಸತ್ತಿವೆ. ದುಂಬಿ ತಾನಾಗಿ ಹಾರುವುದು ಸ್ವಲ್ಪ ದೂರ, ಹೆದ್ದಾರಿಯಲ್ಲಿ ನೂರಾರು ಮೈಲಿ ಕರೆದುಕೊಂಡು ಹೋದದ್ದು ಕ್ಯಾಂಪಿಂಗಿಗೆ ಹೊರಟವರ ಕಟ್ಟಿಗೆ. ಕ್ಯಾಂಪ್‌ಗ್ರೌಂಡಿನ ಹತ್ತಿರವೇ ಕೊಳ್ಳಿ, ಇಲ್ಲವೇ ಕಾಯಿಸಿ ಹುಳು ಕೊಂದದ್ದೆಂದು ಮುದ್ರೆ ಇರುವ ಕಟ್ಟು ಕೊಳ್ಳಿ. ಎರಡು ಮೂರು ಗಂಟೆಯ ಬೆಂಕಿಗೆ ಅಂಗಡಿಯ ಎರಡು ಕಟ್ಟು ಸಾಕು.

ಹೊತ್ತಿಸುವಾಗ ಆಗುವ ತಪ್ಪು ಒಂದೇ: ನಡುವಿನ ಗಾತ್ರವೇ ಇರುವುದಿಲ್ಲ. ಕಾಗದದ ಮೇಲೆ ನೇರವಾಗಿ ದಪ್ಪ ಸೌದೆ ಇಟ್ಟರೆ ಕಾಗದ ಉರಿದು ಮುಗಿಯುತ್ತದೆ, ಸೌದೆ ನೋಡುತ್ತಾ ಕೂರುತ್ತದೆ. ಬೆಂಕಿಕಡ್ಡಿ ಗಾತ್ರದ ಚೂರು, ಆಮೇಲೆ ಹೆಬ್ಬೆರಳಿನ ಗಾತ್ರದ್ದು ದೊಡ್ಡ ಹಿಡಿ ತುಂಬ, ಅದು ಹಿಡಿದ ಮೇಲೆ ಮಣಿಕಟ್ಟಿನ ಗಾತ್ರದ್ದು. ಬರ್ಚ್ ಮರದ ತೊಗಟೆ ಒದ್ದೆಯಿದ್ದರೂ ಹೊತ್ತುತ್ತದೆ. ಬಿದ್ದ ಕೊಂಬೆಯದನ್ನು ತೆಗೆದುಕೊಳ್ಳಿ, ನಿಂತ ಮರದ ಮೈ ಸುಲಿಯಬೇಡಿ. ಅಡುಗೆ ಜ್ವಾಲೆಯಲ್ಲಲ್ಲ, ಕೆಂಡದಲ್ಲಿ. ಮುಕ್ಕಾಲು ಗಂಟೆ ಉರಿದು ಬೂದಿ ಮುಸುಕಿದ ಕೆಂಡದ ಮೇಲೆ ಬದನೆಕಾಯಿ ಇಟ್ಟು ಹೊರಳಿಸುತ್ತಾ ಬಂದರೆ ಒಳಗೆಲ್ಲ ಬೆಂದು ಕುಸಿಯುತ್ತದೆ. ಆ ಸುಟ್ಟ ಬದನೆಕಾಯಿ ಗೊಜ್ಜು ಗ್ಯಾಸಿನ ಒಲೆಯವರಿಗೆ ದಕ್ಕುವಂಥದ್ದಲ್ಲ. ಇಡುವ ಮೊದಲು ನಾಲ್ಕು ಕಡೆ ಚುಚ್ಚಿ, ಇಲ್ಲವಾದರೆ ಸಿಡಿಯುತ್ತದೆ. ಪಾತ್ರೆ ಇಡುವುದಾದರೆ ಹೊರಮೈಗೆ ಪಾತ್ರೆ ತೊಳೆಯುವ ಸೋಪು ತೆಳ್ಳಗೆ ಬಳಿಯಿರಿ, ಮಸಿ ಸುಲಭವಾಗಿ ಬಿಡುತ್ತದೆ. ನಮ್ಮ ಅಜ್ಜಿಯರು ಇದಕ್ಕೆ ಮಣ್ಣು ಬಳಿಯುತ್ತಿದ್ದರು. ಮಲಗುವ ಮುಂಚೆ ನೀರು ಸುರಿದು, ಕೋಲಿನಿಂದ ಕಲಸಿ, ಚುಂಯ್ ಅನ್ನುವುದು ನಿಲ್ಲುವವರೆಗೆ ಮತ್ತೆ ಸುರಿಯಬೇಕು. ಮರಳು ಮುಚ್ಚಿದರೆ ಕೆಂಡ ಒಳಗೊಳಗೇ ಬೆಳಗಿನವರೆಗೂ ಬದುಕಿರುತ್ತದೆ, ಬರಿಗಾಲಿನ ಮಕ್ಕಳು ಅದನ್ನು ಹುಡುಕಿಕೊಳ್ಳುತ್ತಾರೆ.

ಟೆಂಟಿನ ಬಗ್ಗೆ ಎರಡೇ ಮಾತು. ಕೆಳಗೆ ಹಾಸುವ ಟಾರ್ಪಾಲು ಟೆಂಟಿನ ತಳಕ್ಕಿಂತ ಎರಡು ಮೂರು ಇಂಚು ಒಳಗೇ ಇರಬೇಕು. ಹೊರಗೆ ಇಣುಕಿದರೆ ಮಳೆನೀರನ್ನು ಹಿಡಿದು ನಿಮ್ಮ ಬೆನ್ನಡಿಗೇ ತಂದುಕೊಡುತ್ತದೆ. ಎರಡನೆಯದು, ಚಳಿ ಬರುವುದು ನೆಲದಿಂದ. ಸುಪೀರಿಯರ್ ಸರೋವರದ ದಡದಲ್ಲಿ ಜುಲೈಯಲ್ಲೂ ರಾತ್ರಿ 7–8 ಡಿಗ್ರಿಗೆ ಇಳಿಯುವುದುಂಟು. ಬರೀ ಗಾಳಿ ತುಂಬಿದ ಹಾಸಿಗೆಯಲ್ಲಿ ಆ ಗಾಳಿಯೇ ಸುತ್ತಿ ಸುತ್ತಿ ಮೈಯ ಶಾಖವನ್ನು ನೆಲಕ್ಕೆ ದಾಟಿಸುತ್ತದೆ. ಮೇಲೆ ಎಷ್ಟು ರಗ್ಗು ಹೊದ್ದರೂ ಪ್ರಯೋಜನವಿಲ್ಲ. ಆರ್-ವ್ಯಾಲ್ಯೂ (ಶಾಖ ದಾಟದಂತೆ ತಡೆಯುವ ಶಕ್ತಿಯ ಅಳತೆ) ನಾಲ್ಕರ ಆಸುಪಾಸಿನ ಪ್ಯಾಡು ತನ್ನಿ.

ಅತಿಥಿಗಳಲ್ಲಿ ಕರಡಿಗೇ ಹೆಸರು ಜಾಸ್ತಿ, ಆದರೆ ದಿನನಿತ್ಯದ ಕಳ್ಳ ರಕೂನ್ ಎಂಬ ಪುಟ್ಟ ಪ್ರಾಣಿ. ಐಸ್ ಪೆಟ್ಟಿಗೆಯ ಮುಚ್ಚಳ ಅದಕ್ಕೊಂದು ಲೆಕ್ಕವಲ್ಲ. ಊಟದ ಸಾಮಾನು, ಎಣ್ಣೆ ಜಿಡ್ಡಿನ ಪಾತ್ರೆ, ಕಸ, ಟೂತ್‌ಪೇಸ್ಟು ಎಲ್ಲ ರಾತ್ರಿ ಕಾರಿನೊಳಗೆ, ಗಾಜು ಏರಿಸಿ. ಇಂಗು ತುಪ್ಪದ ಒಗ್ಗರಣೆ ಅಲ್ಲೇ ಕೊಡುವುದಕ್ಕಿಂತ ಮನೆಯಿಂದ ಬಾಟಲಿಯಲ್ಲಿ ತಂದು ಅವಲಕ್ಕಿಗೆ ಕಲಸುವುದು ಮೇಲು. ಕಾಡಿಗೆಲ್ಲ ಆಮಂತ್ರಣ ಹೋಗುವುದಿಲ್ಲ. ಸೊಳ್ಳೆಗೆ ಡೀಟ್ ಹಚ್ಚಿದ ಕೈಯಲ್ಲಿ ಕನ್ನಡಕ ಮುಟ್ಟಬೇಡಿ, ಪ್ಲಾಸ್ಟಿಕ್ ಫ್ರೇಮು ಕರಗುತ್ತದೆ.

ಮಿಶಿಗನ್ನಿನ ಸ್ಟೇಟ್ ಪಾರ್ಕುಗಳಲ್ಲಿ ರಾತ್ರಿ 10ರಿಂದ ಬೆಳಗ್ಗೆ 8ರವರೆಗೆ ಸದ್ದು ಮಾಡುವಂತಿಲ್ಲ. ಈಸ್ಟರ್ನ್ ಸಮಯ ನಡೆಯುವ ಪಶ್ಚಿಮದ ಊರುಗಳಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದೇ ಒಂಬತ್ತೂವರೆ ದಾಟಿದ ಮೇಲೆ. ಕತ್ತಲೆ ಬಂದು ಹಾಡು ಶುರುಮಾಡೋಣ ಅನ್ನುವಷ್ಟರಲ್ಲಿ ಬಾಯಿ ಮುಚ್ಚುವ ಹೊತ್ತು. ಬೆಳಗ್ಗೆ ಏಳಕ್ಕೇ ಪೊಂಗಲ್ಲಿಗೆ ಕುಕ್ಕರ್ ಇಡುವವರಿಗೆ ಇದು ಇನ್ನೂ ಕಷ್ಟ, ಆ ಮೌನದಲ್ಲಿ ಒಂದು ಸೀಟಿ ಅಂದರೆ ಇಡೀ ಕ್ಯಾಂಪ್‌ಗ್ರೌಂಡು ಎದ್ದು ಕೂರುತ್ತದೆ. 1945ರಲ್ಲಿ ಸ್ಥಾಪನೆಯಾದ, ಸುಮಾರು 60,000 ಎಕರೆಯ ಪಾರ್ಕ್ಯುಪೈನ್ ಮೌಂಟನ್ಸ್‌ನಲ್ಲಿ ಇನ್ನೊಂದು ತೊಡಕಿದೆ. ಪಾರ್ಕು ಎರಡು ಕೌಂಟಿಗಳಲ್ಲಿ ಹರಡಿದೆ. ಒಂಟೊನಾಗನ್ ಕಡೆ ಈಸ್ಟರ್ನ್ ಸಮಯ, ಗೊಗೆಬಿಕ್ ಕಡೆ ಸೆಂಟ್ರಲ್, ಒಂದು ಗಂಟೆ ಹಿಂದೆ. ಫೋನು ಒಂದೇ ದಿನದಲ್ಲಿ ಎರಡೂ ತೋರಿಸಿದರೆ ಆಶ್ಚರ್ಯವಿಲ್ಲ. ನೋಟಿಸ್ ಬೋರ್ಡಿನ ಎಂಟು ಗಂಟೆ ಯಾವ ಎಂಟು ಗಂಟೆ ಎಂದು ರೇಂಜರನ್ನು ಕೇಳಿಕೊಂಡೇ ಕುಕ್ಕರಿಗೆ ವೇಟ್ ಹಾಕಿ.