ಫೋನು ಹೋದರೆ ಹೋಗುವುದು ಫೋನಷ್ಟೇ ಅಲ್ಲ

ಓದಲೆಂದು ಲಂಡನ್ನಿಗೆ ಬಂದ ದಾವಣಗೆರೆಯ ಹುಡುಗನೊಬ್ಬ ನಮ್ಮ ಮನೆಯ ಮೇಲಿನ ಕೋಣೆಯಲ್ಲಿದ್ದಾನೆ. ಬಂದ ಮೂರನೆಯ ವಾರ, ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಹೊರಬಂದು ರಸ್ತೆಯಂಚಿನಲ್ಲಿ ನಿಂತು ಮ್ಯಾಪ್ ನೋಡುತ್ತಿದ್ದಾಗ, ಹಿಂದಿನಿಂದ ಸದ್ದಿಲ್ಲದೆ ಬಂದ ಎಲೆಕ್ಟ್ರಿಕ್ ಸೈಕಲ್ ಸವಾರನೊಬ್ಬ ಅವನ ಕೈಯಿಂದ ಫೋನನ್ನು ಕಿತ್ತುಕೊಂಡು, ಇವನು ಕೂಗುವಷ್ಟರಲ್ಲಿ ತಿರುವು ದಾಟಿ ಹೋಗಿದ್ದ. ರೈಲಿಗೆ ದುಡ್ಡು ಕಟ್ಟುತ್ತಿದ್ದುದು ಅದೇ ಫೋನಿನಿಂದ. ನಮ್ಮ ಮನೆಯ ವಿಳಾಸ ಇದ್ದುದೂ ಅದರಲ್ಲೇ. ಅವನಿಗೆ ಬಾಯಿಪಾಠವಿದ್ದ ಒಂದೇ ನಂಬರು ತಾಯಿಯದು. ಹತ್ತಿರದ ಅಂಗಡಿಯ ಬಾಂಗ್ಲಾದೇಶದ ಹಿರಿಯರೊಬ್ಬರು ತಮ್ಮ ಫೋನು ಕೊಟ್ಟರು. ಊರಿನಲ್ಲಿ ಆಗ ರಾತ್ರಿ ಹನ್ನೆರಡೂವರೆ. ಆ ತಾಯಿ ನನಗೆ ಕರೆ ಮಾಡಿದಾಗ ಅವರ ಧ್ವನಿ ಎಷ್ಟು ನಡುಗುತ್ತಿತ್ತೆಂದರೆ, ಹುಡುಗನಿಗೆ ಏಟೇನೂ ಬಿದ್ದಿಲ್ಲವೆಂದು ತಿಳಿಯಲು ನನಗೆ ಒಂದೆರಡು ನಿಮಿಷ ಬೇಕಾಯಿತು.

ಇಲ್ಲಿಯೇ ಹುಟ್ಟಿ ಬೆಳೆದವರ ಫೋನು ಹೋದರೆ ಅವರಿಗೆ ಅಣ್ಣತಮ್ಮಂದಿರಿದ್ದಾರೆ, ನೆರೆಹೊರೆಯಿದೆ. ಹೊಸದಾಗಿ ಬಂದವನಿಗೆ ಆಧಾರವೆಲ್ಲ ಆ ಒಂದು ಫೋನಿನಲ್ಲೇ ಇರುತ್ತದೆ. ವೀಸಾದ ಹೆಚ್ಚಿನ ಪ್ಲಾಸ್ಟಿಕ್ ಕಾರ್ಡುಗಳ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿದು ಈಗ ಬಹುತೇಕ ಎಲ್ಲವೂ ಇ-ವೀಸಾ, ಅಂದರೆ ಸರ್ಕಾರದ ಆನ್‌ಲೈನ್ ಖಾತೆಯಲ್ಲಿರುವ ದಾಖಲೆ, ಆಗಿದೆ. ಆ ಖಾತೆಯನ್ನು ತೆರೆಯಲು ಬೇಕಾದ ಕೋಡ್ ಬರುವುದು ಫೋನಿಗೆ ಅಥವಾ ಇ-ಮೇಲಿಗೆ, ಮತ್ತು ಆ ಇ-ಮೇಲೂ ಅದೇ ಫೋನಿನಲ್ಲಿ. ಭಾರತದ ಬ್ಯಾಂಕಿನ ಒಟಿಪಿ ಬರುವ ಸಿಮ್ ಕೂಡ ಅದರೊಳಗೇ. ಮನೆಯವರು ಸಾಲ ಮಾಡಿ ಕಳಿಸಿದ ಶುಲ್ಕದ ಹಣವೂ ಕಳ್ಳನ ಕೈಗೆಟಕುವಷ್ಟು ಹತ್ತಿರದಲ್ಲಿರುತ್ತದೆ.

ಕಳ್ಳರು ಜೇಬಿಗೆ ಕೈಹಾಕುವ ಬದಲು ಕೈಯಲ್ಲಿರುವುದನ್ನೇ ಕಸಿಯುವುದಕ್ಕೆ ಕಾರಣವಿದೆ: ಬಳಸುತ್ತಿರುವ ಫೋನು ಲಾಕ್ ಆಗಿರುವುದಿಲ್ಲ. ಐಫೋನಿನಲ್ಲಿ 2024ರ ಜನವರಿಯಿಂದ ಕದ್ದ ಸಾಧನದ ರಕ್ಷಣೆ ಎಂಬ ಸೌಲಭ್ಯವಿದೆ. ಅದು ಚಾಲೂ ಇದ್ದರೆ, ನಾವು ಸಾಮಾನ್ಯವಾಗಿ ಇರುವ ಜಾಗಗಳಿಂದ ದೂರದಲ್ಲಿ ಆಪಲ್ ಖಾತೆಯ ಪಾಸ್‌ವರ್ಡ್ ಬದಲಿಸಲು ಮುಖ ಅಥವಾ ಬೆರಳಿನ ಗುರುತು ಬೇಕು, ಜೊತೆಗೆ ಒಂದು ಗಂಟೆ ಕಾಯಬೇಕು. ಆ ಒಂದು ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಬಹುದು. 159ಕ್ಕೆ ಕರೆ ಮಾಡಿದರೆ ಇಲ್ಲಿನ ಹೆಚ್ಚಿನ ದೊಡ್ಡ ಬ್ಯಾಂಕುಗಳಿಗೆ ಸಂಪರ್ಕ ಸಿಗುತ್ತದೆ. ಫೋನಿನಲ್ಲಿ *#06# ಒತ್ತಿದರೆ ಕಾಣುವ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆಯನ್ನು ಇವತ್ತೇ ಒಂದು ಕಾಗದದಲ್ಲಿ ಬರೆದಿಡಿ, ಜೊತೆಗೆ ಇಲ್ಲಿರುವ ಇಬ್ಬರ ನಂಬರನ್ನೂ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಅಂದು ರಾತ್ರಿ ಹುಡುಗ ಕೇಳಿದ ಪ್ರಶ್ನೆ. "ಅಣ್ಣಾ, ಪೊಲೀಸರಿಗೆ ಹೇಳಿದರೆ ವೀಸಾಕ್ಕೆ ಏನಾದರೂ ತೊಂದರೆ ಆಗುತ್ತಾ?" ಸರಿಯಾದ ವೀಸಾ ಇಟ್ಟುಕೊಂಡವರು ದೂರು ಕೊಟ್ಟರೆ ಅದಕ್ಕೆ ಯಾವ ತೊಂದರೆಯೂ ಇಲ್ಲ. ಅಪಾಯ ಎದುರಿಗಿದ್ದರೆ 999, ಆಗಿಹೋದ ಕಳವಿಗೆ 101 ಅಥವಾ ಪೊಲೀಸರ ಜಾಲತಾಣ. ಫೋನು ಮರಳಿ ಬರುವುದು ಅಪರೂಪ, ನಿಜ. ಆದರೆ ವಿಮೆಗೆ ಪೊಲೀಸರು ದೂರಿಗೆ ಕೊಡುವ ಅಪರಾಧ ಉಲ್ಲೇಖ ಸಂಖ್ಯೆ ಬೇಕು, ಮತ್ತು ದೂರಿಲ್ಲದ ಕಳವು ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಈ ಹೆದರಿಕೆಯನ್ನು ಬೆಳೆಸುವವರಲ್ಲಿ ನಾವೂ ಇದ್ದೇವೆ. ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ವಿಷಯ ತಿಳಿಸಿದೊಡನೆ ಬಂದ ಮೊದಲ ಮಾತು "ರಸ್ತೆಯಲ್ಲಿ ಫೋನು ಯಾಕೆ ತೆಗೆದ?" ಎಂಬುದು, ಎರಡನೆಯದು ಆ ಬಡಾವಣೆಯಲ್ಲಿರುವವರ ಬಣ್ಣದ ಬಗ್ಗೆ. ಅವನಿಗೆ ಫೋನು ಕೊಟ್ಟ ಹಿರಿಯರೂ ಅದೇ ಬಡಾವಣೆಯವರು. ಹೊಸ ಊರಿನಲ್ಲಿ ದಾರಿ ಹುಡುಕುವುದು ತಪ್ಪಲ್ಲ, ಮತ್ತು ಹುಡುಗರು ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳುವಂತೆ ಮಾತನಾಡುವ ಹಕ್ಕು ನಮಗಿಲ್ಲ.

ಮರುದಿನ ಬೆಳಿಗ್ಗೆ ನನ್ನ ಲ್ಯಾಪ್‌ಟಾಪಿನ ಮುಂದೆ ಕುಳಿತು ದೂರನ್ನು ಅವನೇ ಬರೆದ. ಸಂಖ್ಯೆ ಬಂದಾಗ ಅದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಗುರುತು ಹಾಕಿಕೊಂಡು, ಅದರ ಕೆಳಗೆ ನನ್ನ ನಂಬರನ್ನು ಕೇಳಿ ಬರೆದುಕೊಂಡ.