ತನ್ನ ಹೆಸರೇ ಗೊತ್ತಿಲ್ಲದ ಸಿಡಿಗಳು

ಹಳೆಯ ಸಿಡಿಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸೋಣವೆಂದು ಹೊರಟರೆ ಈಗಿನ ಲ್ಯಾಪ್‌ಟಾಪಿಗೆ ಬಾಯಿಯೇ ಇಲ್ಲ. ಹೊರಗಿನಿಂದ ಸಿಕ್ಕಿಸುವ ಡ್ರೈವ್ ತಂದೆ. ಅದಕ್ಕೆ ಕರೆಂಟು ಸಾಲದೆ ಎರಡು ಯುಎಸ್‌ಬಿ ಕಿಂಡಿ ಕೇಳಿತು. ಇದ್ದವೇ ಎರಡು. ಮೌಸು ಜಾಗ ಖಾಲಿ ಮಾಡಿತು.

ಎಂಪಿ3 ಫೈಲಾಗಿ ಇಳಿಸಿದ್ದರೆ ಜಾಗ ಇನ್ನೂ ಕಡಿಮೆ ಸಾಕಿತ್ತು, ನಿಜ. ಆದರೆ ಅದು ‘ಇದೇನು ಕಿವಿಗೆ ತಿಳಿಯಲಿಕ್ಕಿಲ್ಲ’ ಎಂದು ತಾನೇ ತೀರ್ಮಾನಿಸಿ ಒಂದಷ್ಟು ಧ್ವನಿಯನ್ನು ಬಿಸಾಡುತ್ತದೆ. ಫ್ಲ್ಯಾಕ್ ಎಂಬ ಇನ್ನೊಂದು ಬಗೆಯ ಫೈಲು ಹಾಗಲ್ಲ, ಏನನ್ನೂ ಕಳೆಯದೆ, ಹೆಚ್ಚುಕಮ್ಮಿ ಅರ್ಧ ಜಾಗದಲ್ಲಿ ಮಡಿಸಿಡುತ್ತದೆ. ಕೆಟ್ಟ ಚಾರ್ಜರನ್ನೇ ಎಸೆಯದವನು ನಾನು, ಹಾಡು ಎಸೆಯುವುದುಂಟೇ?

ಸಿಡಿಯಲ್ಲಿ ಒಂದು ಸೆಕೆಂಡಿನ ಧ್ವನಿಯೆಂದರೆ ಎಡ, ಬಲ ಪ್ರತಿ ಚಾನೆಲ್ಲಿಗೆ 44,100 ಅಳತೆಗಳು. ನನ್ನ ಸಾಫ್ಟ್‌ವೇರ್ ಮಹಾ ಸಂಶಯಪಿಶಾಚಿ. ಒಂದೊಂದು ತುಣುಕನ್ನೂ ಕಡೇಪಕ್ಷ ಎರಡು ಸಲ ಓದಿಸುತ್ತದೆ. ಉತ್ತರ ತಾಳೆಯಾದರೆ ಸರಿ, ಇಲ್ಲವಾದರೆ ಪಾಟೀಸವಾಲಿಗೆ ನಿಂತ ವಕೀಲರ ಹಾಗೆ ಅದೇ ಪ್ರಶ್ನೆ ಮತ್ತೆ ಮತ್ತೆ. ಗೀಚಿದ ಸಿಡಿ ಸಿಕ್ಕರೆ ಮುಗಿಯಿತು: ಡ್ರೈವ್ ಮೊರೆಯುತ್ತದೆ, ತೇಕುತ್ತದೆ, ಮತ್ತೆ ಮೊರೆಯುತ್ತದೆ. “ರೀ, ಒಂದೋ ಅದು ಸುಮ್ಮನಾಗ್ಬೇಕು, ಇಲ್ಲಾ ನಾನು. ಎರಡನೇದು ಆಗೋ ಮಾತಲ್ಲ” ಅಂದಳು ಹೆಂಡತಿ.

ಹೊಳೆಯುವ ಮುಖವನ್ನು ನಾವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತೇವಲ್ಲ, ನಿಜವಾಗಿ ನಾಜೂಕಾಗಿರುವುದು ಹೆಸರು ಅಚ್ಚಾದ ಮೇಲ್ಮೈ. ಹಾಡು ಕೂತಿರುವ ಪದರ ಅದರ ಕೆಳಗೇ ಇದೆ. ಹಿಂದೊಮ್ಮೆ ಎರವಲು ಒಯ್ದಿದ್ದ ಪುಣ್ಯಾತ್ಮರೊಬ್ಬರು ಆ ಮೇಲ್ಮೈಯ ಅಂಚಿನಲ್ಲಿ ಬಾಲ್‌ಪೆನ್ನು ಒತ್ತಿ ‘ವಾಪಸು ಕೊಡಬೇಕು’ ಎಂದು ಬರೆದಿಟ್ಟಿದ್ದರು. ಎಂಥ ಪ್ರಾಮಾಣಿಕತೆ! ಸಿಡಿಯ ಓದು ಒಳಗಿನಿಂದ ಅಂಚಿನ ಕಡೆಗೆ ಸಾಗುವುದರಿಂದ, ಕೊನೆಯ ಹಾಡು ಬಂದದ್ದೇ ‘ವಾ’ ಅಕ್ಷರಕ್ಕೆ ಎಡವಿ ಬಿತ್ತು. ಸಿಡಿ ವಾಪಸು ಬಂದಿದೆ, ಆ ಹಾಡು ಇನ್ನೂ ಬಂದಿಲ್ಲ.

ಇಷ್ಟಾದರೂ ಓದಿಸುವುದು ಸಣ್ಣ ತಲೆನೋವು. ಹೆಚ್ಚಿನ ಸಿಡಿಗಳೊಳಗೆ ಹಾಡಿನ ಹೆಸರೇ ಇರುವುದಿಲ್ಲ. ಎಷ್ಟು ಹಾಡು, ಯಾವುದು ಎಲ್ಲಿ ಶುರು ಎಂಬ ಲೆಕ್ಕ ಹಿಡಿದು ಸಾಫ್ಟ್‌ವೇರ್ ಅಂತರ್ಜಾಲದ ಪಟ್ಟಿಯೊಂದನ್ನು ವಿಚಾರಿಸುತ್ತದೆ. ಲೆಕ್ಕ ಇನ್ಯಾವುದಕ್ಕೋ ಹೊಂದಿದರೆ ಅದರ ಹೆಸರೇ ಗಟ್ಟಿ. ನನ್ನ ಕೊಳಲಿನ ಸಿಡಿ ಹೀಗೆ ವ್ಯಾಯಾಮದ ಪಾಠವಾಗಿ ಬಂತು. ಮನಸ್ಸು ಕರಗಿಸುವ ಆಲಾಪಕ್ಕೆ ‘ಮೊಣಕಾಲು ಮೇಲಕ್ಕೆ’ ಎಂಬ ಶೀರ್ಷಿಕೆ. ಇನ್ನು ಒಬ್ಬಳೇ ಗಾಯಕಿ ಇನಿಷಿಯಲ್ ಮುಂದೆ, ಹಿಂದೆ, ಚುಕ್ಕಿ ಇದ್ದು, ಇಲ್ಲದೆ, ಬೇರೆ ಬೇರೆ ಹೆಂಗಸರಾಗಿ ಫೋನಿನಲ್ಲಿ ಸಾಲುಗಟ್ಟಿ ನಿಂತಿದ್ದಾಳೆ. ಒಂದೊಂದನ್ನೂ ಕೈಯಾರೆ ತಿದ್ದಬೇಕು, ಅದೂ ಮೌಸಿಲ್ಲದೆ.

“ಇನ್ನು ಆ ಡಬ್ಬಗಳನ್ನ ಯಾರಿಗಾದ್ರೂ ಕೊಟ್ಬಿಡಿ” ಅಂದಳು ಇವಳು.

“ಹಾರ್ಡ್ ಡಿಸ್ಕ್ ಕೈಕೊಟ್ಟರೆ? ಬ್ಯಾಕಪ್ ಅಂತ ಇರ್ಬೇಕಲ್ವಾ?”

“ಹಾಗಾದ್ರೆ ಇಷ್ಟು ದಿನ ಏನ್ ಮಾಡ್ತಿದ್ರಿ?”

ಅಷ್ಟರಲ್ಲಿ ಡ್ರೈವ್ ಮತ್ತೆ ಮೊರೆಯಿತು. ನನಗೆ ಪ್ರಶ್ನೆ ಕೇಳಿಸಲಿಲ್ಲ.